ಶೇಕಡಾ ನೂರು ಸರಿ, ಎಷ್ಟರ ನೂರು?

ಲ್ಯಾಪ್‌ಟಾಪ್ ಕೊಂಡ ಮೊದಲ ವರ್ಷ ಯಾರದೂ ದೂರಿರುವುದಿಲ್ಲ. ದೂರು ಶುರುವಾಗುವುದು ಎರಡನೆಯ ಬೇಸಿಗೆಗೆ. ಆಟ ತೆರೆದು ಹತ್ತು ಹದಿನೈದು ನಿಮಿಷವಾಗುವಷ್ಟರಲ್ಲಿ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗುತ್ತದೆ. ಕೀಲಿಮಣೆಯ ನಡುಭಾಗ ಬೆರಳಿಗೆ ಸುಡುತ್ತದೆ. ಅಲ್ಲಿಯತನಕ ಸರಾಗವಾಗಿ ಓಡುತ್ತಿದ್ದ ಚಿತ್ರ ತಡವರಿಸುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಬಳಕೆ ಶೇಕಡಾ ನೂರು! ‘ಅಪ್ಪ, ಇದರ ಪ್ರೊಸೆಸರ್ ಸಾಲದು, ಬೇರೆ ಬೇಕು’ ಎಂದು ಮಗನ ರಾಗ. ‘ಆಟ ಆಡಿ ಆಡಿ ನೀನೇ ಹಾಳು ಮಾಡಿದ್ದು, ಇನ್ನು ಅದನ್ನು ಮುಟ್ಟಬೇಡ’ ಎಂದು ತಂದೆಯ ತೀರ್ಪು.

ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಆದರೆ ಈ ಜಗಳದ ಹಿಂದೆ ಐವತ್ತು ಅರುವತ್ತು ಸಾವಿರ ರೂಪಾಯಿಯ ಪ್ರಶ್ನೆ ಇದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಿಗೆ ಲ್ಯಾಪ್‌ಟಾಪ್ ಸುಮ್ಮನೆ ಬಂದುದಲ್ಲ. ಬೆಂಜನಪದವಿನ ಕೆನರಾ ಇಂಜಿನಿಯರಿಂಗ್ ಕಾಲೇಜು 2001ರಲ್ಲಿ, ಉಜಿರೆಯ ಎಸ್.ಡಿ.ಎಂ. ತಾಂತ್ರಿಕ ಸಂಸ್ಥೆ ಮತ್ತು ಮೂಡುಬಿದಿರೆ ಸಮೀಪದ ಮೈಟ್ 2007ರಲ್ಲಿ, ಮಿಜಾರಿನ ಆಳ್ವಾಸ್ ಇಂಜಿನಿಯರಿಂಗ್ ಕಾಲೇಜು 2008ರಲ್ಲಿ ಆರಂಭವಾದವು. ಇಂಜಿನಿಯರಿಂಗ್ ಓದು ಮನೆಯ ಹತ್ತಿರವೇ ಸಿಕ್ಕಿದ ಮೇಲೆ ಲ್ಯಾಪ್‌ಟಾಪ್ ಪಠ್ಯಪುಸ್ತಕದಷ್ಟೇ ಅಗತ್ಯದ ವಸ್ತುವಾಯಿತು. 2020ರ ಕೊರೋನಾ ಕಾಲದ ಆನ್‌ಲೈನ್ ತರಗತಿಗಳು ಉಳಿದ ಮನೆಗಳಿಗೂ ಅದನ್ನು ತಂದಿಟ್ಟವು. ಅಡಿಕೆ ಮಾರಿದ ದುಡ್ಡು, ಬೀಡಿ ಕಟ್ಟಿ ಉಳಿಸಿದ ದುಡ್ಡು, ಗಲ್ಫಿನಲ್ಲಿರುವ ಅಣ್ಣ ಕಳಿಸಿದ ದುಡ್ಡು ಇದಕ್ಕೆ ಹೋಗಿದೆ. ಎರಡೇ ವರ್ಷಕ್ಕೆ ‘ಇದು ಸಾಲದು’ ಎಂದರೆ ಹೊಟ್ಟೆ ಉರಿಯದಿರುತ್ತದೆಯೇ?

ಆದ್ದರಿಂದ ಮೊದಲು ಆ ನೂರರ ಅರ್ಥ ತಿಳಿದುಕೊಳ್ಳುವುದು ಒಳ್ಳೆಯದು.

ತುಂಬಿದ ಬಸ್ಸು, ತುಂಬಿದ ವ್ಯಾನು

ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೊರಟ ಐವತ್ತು ಸೀಟಿನ ಬಸ್ಸು ಭರ್ತಿಯಾಗಿದೆ ಎನ್ನಿ. ಅದು ಶೇಕಡಾ ನೂರು. ಹನ್ನೆರಡು ಸೀಟಿನ ವ್ಯಾನು ಭರ್ತಿಯಾದರೂ ಶೇಕಡಾ ನೂರೇ. ಟಾಸ್ಕ್ ಮ್ಯಾನೇಜರಿನ ಸಂಖ್ಯೆ ವಾಹನ ತುಂಬಿದೆ ಎಂದಷ್ಟೇ ಹೇಳುತ್ತದೆ. ವಾಹನ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ. ಲ್ಯಾಪ್‌ಟಾಪಿನ ವಿಶೇಷವೆಂದರೆ ಹೊರಡುವಾಗ ಬಸ್ಸಾಗಿದ್ದುದು ದಾರಿಯ ಮಧ್ಯೆ ವ್ಯಾನಾಗಿಬಿಡುವುದು! ಬಿಸಿ ಏರಿದಂತೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟದ ಕೆಲಸ ಅಷ್ಟೇ ಇರುತ್ತದೆ, ಮಾಡುವವನ ಕೈ ಮಾತ್ರ ನಿಧಾನ. ಆಗ ಬಳಕೆ ನೂರಕ್ಕೆ ಹೋಗಿ ನಿಲ್ಲುವುದು ಸಹಜ.

ಹಾಗಾಗಿ ಅದೇ ಪರದೆಯಲ್ಲಿ ಬಳಕೆಯ ಹತ್ತಿರವೇ ಕಾಣುವ ಇನ್ನೊಂದು ಅಂಕಿಯನ್ನು ಓದಬೇಕು. ಅದು ಗಿಗಾಹರ್ಟ್ಸ್‌ನಲ್ಲಿ ಬರೆದಿರುವ ವೇಗ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋದರೆ ಎರಡೂ ಸಿಗುತ್ತವೆ. ಶೇಕಡಾವಾರನ್ನು ಮಾತ್ರ ನಂಬಿ ಕೂರುವಂತಿಲ್ಲ. ವಿಂಡೋಸ್‌ನ ಬೇರೆ ಬೇರೆ ಆವೃತ್ತಿಗಳು ಅದರ ಲೆಕ್ಕವನ್ನು ಒಂದೇ ರೀತಿ ಹಾಕುವುದೂ ಇಲ್ಲ. ಇನ್ನು ಒಟ್ಟು ಬಳಕೆ ನಲುವತ್ತು ಎಂದು ತೋರಿಸುತ್ತಿದ್ದರೂ ಆಟ ತಡವರಿಸಬಹುದು. ಈಗಿನ ಪ್ರೊಸೆಸರಿನಲ್ಲಿ ಆರೋ ಎಂಟೋ ಹತ್ತೋ ಕೋರ್‌ಗಳಿರುತ್ತವೆ. ಮೈನ್‌ಕ್ರಾಫ್ಟ್‌ನಂಥ ಆಟ ಹೆಚ್ಚಿನ ಭಾರವನ್ನು ಒಂದೇ ಕೋರ್ ಮೇಲೆ ಹಾಕುತ್ತದೆ. ಒಬ್ಬ ದುಡಿದು ಸಾಯುತ್ತಿರುತ್ತಾನೆ, ಉಳಿದವರು ಕಟ್ಟೆಯ ಮೇಲೆ ಕೂತಿರುತ್ತಾರೆ. ಸರಾಸರಿ ತೆಗೆದರೆ ಅರ್ಧವೂ ಆಗುವುದಿಲ್ಲ.

ಆಟ ಆಡುವಾಗ ಬಳಕೆ ತೊಂಬತ್ತು ನೂರಕ್ಕೆ ಹೋಗುವುದು ರೋಗವೇ? ಅಲ್ಲ. ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿ ಬಿತ್ತು, ಚೆಂಡು ಎತ್ತ ಪುಟಿಯಿತು ಎಂಬ ಲೆಕ್ಕವೆಲ್ಲ ಪ್ರೊಸೆಸರಿನದು. ಅದು ಒಂದೊಂದು ಚಿತ್ರಕ್ಕೂ ಸಾಮಗ್ರಿ ಹೊಂದಿಸಿ ಕೊಟ್ಟ ಮೇಲೆಯೇ ಗ್ರಾಫಿಕ್ಸ್ ಚಿಪ್ ಬಣ್ಣ ತುಂಬುವುದು. ದುಡಿಯಲೆಂದೇ ಕೊಂಡದ್ದು ದುಡಿದರೆ ತಪ್ಪೇನು? ತಪ್ಪು ಇರುವುದು ಬಿಸಿಯಲ್ಲಿ.

ಕಂಬಳದ ಓಟ

ಮೂಡುಬಿದಿರೆಯವರಿಗೆ ಇದನ್ನು ಕಂಬಳದ ಮೂಲಕ ಹೇಳುವುದೇ ಸುಲಭ. ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳ ಕಂಬಳದಲ್ಲಿ 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ದೇಶಕ್ಕೆಲ್ಲ ಸುದ್ದಿಯಾದರು. ಗಂಟೆಗೆ ಸುಮಾರು 38 ಕಿಲೋಮೀಟರ್ ವೇಗ! ಆದರೆ ಅದೇ ಕೋಣಗಳನ್ನು ಅದೇ ವೇಗದಲ್ಲಿ ಬೆಳಗ್ಗಿನಿಂದ ಸಂಜೆಯತನಕ ಗದ್ದೆ ಉಳಲು ಯಾರಾದರೂ ಕಟ್ಟುತ್ತಾರೆಯೇ? ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ‘4.4 ಗಿಗಾಹರ್ಟ್ಸ್‌ವರೆಗೆ’ ಎಂಬ ಮಾತು ಕಂಬಳದ ಓಟದ್ದು. ಇದಕ್ಕೆ ಟರ್ಬೋ ಎಂದು ಹೆಸರು. ಉಳುವ ವೇಗ ಬೇರೆಯೇ ಇದೆ, ಅದನ್ನು ಸಣ್ಣಕ್ಷರದಲ್ಲಿ ಹುಡುಕಬೇಕು. ಉದಾಹರಣೆಗೆ 2022ರಲ್ಲಿ ಬಂದ, ತುಂಬ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿರುವ ಇಂಟೆಲ್ ಕೋರ್ ಐ5-1235ಯು ಪ್ರೊಸೆಸರಿನ ದೊಡ್ಡ ಕೋರ್‌ಗಳ ಗರಿಷ್ಠ ವೇಗ 4.4 ಗಿಗಾಹರ್ಟ್ಸ್, ಮೂಲ ವೇಗ 1.3. ಟರ್ಬೋದಲ್ಲಿ ಅದು 55 ವ್ಯಾಟ್‌ತನಕ ವಿದ್ಯುತ್ ಎಳೆಯಬಲ್ಲುದು. ಮೂಲ ಲೆಕ್ಕ ಬರೇ 15 ವ್ಯಾಟ್. ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ.

ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಚಿಪ್ಪಿನ ಶಾಖ ಸುಮಾರಾಗಿ ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ಎರಡನ್ನೂ ಶೇಕಡಾ 10 ಏರಿಸಿದರೆ 1.1ನ್ನು ಮೂರು ಸಲ ಗುಣಿಸಿದಂತೆ, ಅಂದರೆ ಶಾಖ ಶೇಕಡಾ 33 ಹೆಚ್ಚು. ಎರಡನ್ನೂ ಶೇಕಡಾ 20 ಇಳಿಸಿದರೆ ಶಾಖ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ! ಸ್ವಲ್ಪ ವೇಗ ಬಿಟ್ಟುಕೊಟ್ಟರೆ ತುಂಬ ತಂಪು ಸಿಗುತ್ತದೆ ಎಂಬ ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಇದೇ ಲೆಕ್ಕದ ಮುಂದೆ ಜಗತ್ತಿನ ದೊಡ್ಡ ಕಂಪೆನಿಯೂ ತಲೆಬಾಗಿದ್ದುಂಟು. ಪೆಂಟಿಯಂ 4ರ ಕಾಲದಲ್ಲಿ ಇಂಟೆಲ್ ವೇಗವನ್ನೇ ಬೆನ್ನಟ್ಟಿ ಓಡುತ್ತಿತ್ತು. ಮುಂದಿನ ಚಿಪ್ಪಿಗೆ ಅದು ಇಟ್ಟ ಗುಪ್ತನಾಮ ‘ತೇಜಸ್’. ಹೌದು, ನಮ್ಮ ಸಂಸ್ಕೃತದ ತೇಜಸ್ಸೇ. 2004ರ ಮೇ ತಿಂಗಳಲ್ಲಿ ಅದನ್ನು ಕಂಪೆನಿ ಕೈಬಿಟ್ಟಿತು. ಶಾಖ ಮತ್ತು ವಿದ್ಯುತ್ ಬಳಕೆ ಹತೋಟಿಗೆ ಬರದಿದ್ದುದು ಅದಕ್ಕೆ ಮುಖ್ಯ ಕಾರಣ. ತೇಜಸ್ಸು ಹೆಚ್ಚಾಗಿಯೇ ತೇಜಸ್ ಹೋಯಿತು! ಒಂದೇ ಕೋರನ್ನು ಇನ್ನಷ್ಟು ವೇಗವಾಗಿ ಓಡಿಸುವ ಬದಲು ಒಂದಕ್ಕಿಂತ ಹೆಚ್ಚು ಕೋರ್‌ಗಳನ್ನು ಜೊತೆಗೆ ಇಡುವ ದಾರಿಗೆ ಕಂಪೆನಿ ತಿರುಗಿದ್ದು ಆಗಲೇ.

ನಮ್ಮ ಸೆಕೆ, ನಮ್ಮ ಧೂಳು

ಲ್ಯಾಪ್‌ಟಾಪಿನ ಫ್ಯಾನು ಹವಾನಿಯಂತ್ರಕವಲ್ಲ. ಅದು ಕೋಣೆಯ ಗಾಳಿಯನ್ನೇ ಎಳೆದು, ತಾಮ್ರದ ಕೊಳವೆಗೆ ಅಂಟಿದ ತೆಳು ಗರಿಗಳ ಮೇಲೆ ಊದಿ ಹೊರಹಾಕುತ್ತದೆ. ಕೋಣೆಯ ಗಾಳಿಗಿಂತ ಪ್ರೊಸೆಸರ್ 60 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದುಕೊಳ್ಳಿ. ಕೋಣೆಯಲ್ಲಿ 25 ಡಿಗ್ರಿ ಇದ್ದರೆ ಚಿಪ್ಪು 85ರಲ್ಲಿ ನಿಲ್ಲುತ್ತದೆ. ಏಪ್ರಿಲ್ ಸೆಕೆಗೆ ಕೋಣೆ 35ಕ್ಕೆ ಏರಿದರೆ ಅದೇ ಆಟಕ್ಕೆ 95. ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳು 95ರಿಂದ 105 ಡಿಗ್ರಿಯೊಳಗೆ ಎಲ್ಲೋ ಒಂದು ಕಡೆ ಬ್ರೇಕು ಹಾಕುತ್ತವೆ. ಬೆಂಗಳೂರಿನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುವ ಆಟ ಅದೇ ಮಾದರಿಯ ಲ್ಯಾಪ್‌ಟಾಪಿನಲ್ಲಿ ಬಂಟ್ವಾಳದಲ್ಲಿ ತಡವರಿಸಿದರೆ ಆಶ್ಚರ್ಯಪಡಬೇಕಿಲ್ಲ.

ಹಂಚಿನ ಮನೆಗೂ ತಾರಸಿ ಮನೆಗೂ ಇಲ್ಲಿ ವ್ಯತ್ಯಾಸವುಂಟು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಅದನ್ನು ಕೆಳಗಿನ ಕೋಣೆಗೆ ಬಿಡುತ್ತದೆ. ಮಕ್ಕಳು ಆಟಕ್ಕೆ ಕೂರುವುದೂ ಅದೇ ಹೊತ್ತಿಗೆ, ಅದೂ ಮಹಡಿಯ ಕೋಣೆಯಲ್ಲಿ. ಹಾಸ್ಟೆಲಿನ ಮೇಲಿನ ಮಾಳಿಗೆಯವರ ಕತೆಯೂ ಇದೇ. ಕೆಳಗಿನ ಕೋಣೆಗೆ ಬಂದು, ಕಿಟಕಿ ತೆರೆದು, ಗಟ್ಟಿ ಮೇಜಿನ ಮೇಲಿಟ್ಟು ಆಡಿದರೆ ಕಾಸು ಖರ್ಚಿಲ್ಲದೆ ನಾಲ್ಕೈದು ಡಿಗ್ರಿ ಇಳಿದೀತು. ಹಾಸಿಗೆಯ ಮೇಲೆ ಇಟ್ಟರಂತೂ ಗಾಳಿ ಎಳೆಯುವ ತೂತುಗಳನ್ನು ಹತ್ತಿಯೇ ಮುಚ್ಚಿಬಿಡುತ್ತದೆ. ಹಿಂಭಾಗದ ಎರಡು ಮೂಲೆಗೆ ಒಂದೊಂದು ಅಂಗುಲದ ಮರದ ತುಂಡು ಕೊಟ್ಟು ಎತ್ತರಿಸಿದರೂ ಸಾಕು. ನೂರಾರು ರೂಪಾಯಿಯ ಕೂಲಿಂಗ್ ಪ್ಯಾಡ್ ಕೂಡ ಮುಖ್ಯವಾಗಿ ಮಾಡುವುದು ಇದೇ ಕೆಲಸವನ್ನು.

ಧೂಳಿನ ಮಾತು ಬೇರೆ. ಮುರಕಲ್ಲಿನ ಊರು, ಕೆಮ್ಮಣ್ಣಿನ ಅಂಗಳ. ನುಣ್ಣನೆಯ ಕೆಂಪು ಹುಡಿ ಫ್ಯಾನಿನ ಮೂಲಕ ಒಳಗೆ ಹೋಗಿ ಗರಿಗಳ ನಡುವೆ ಕೂರುತ್ತದೆ. ಮಳೆಗಾಲದ ತೇವಕ್ಕೆ ಅಂಟಿಕೊಂಡು ಕಂಬಳಿಯಂತಾಗುತ್ತದೆ. ಎರಡನೆಯ ಬೇಸಿಗೆಗೆ ದೂರು ಶುರುವಾಗುವುದರ ಗುಟ್ಟು ಬಹಳಷ್ಟು ಸಲ ಇಷ್ಟೇ. ಪ್ರೊಸೆಸರಿಗೂ ತಾಮ್ರದ ತಟ್ಟೆಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಕೂಡ ಎರಡು ಮೂರು ವರ್ಷಕ್ಕೆ ಒಣಗಿರಬಹುದು. ವಾರಂಟಿ ಇದ್ದರೆ ಮೊದಲು ಕಂಪೆನಿಯ ಸರ್ವಿಸ್ ಸೆಂಟರಿಗೆ ಕೇಳಿ. ವಾರಂಟಿ ಮುಗಿದಿದ್ದರೆ ಗೊತ್ತಿರುವ ರಿಪೇರಿಯವರಲ್ಲಿ ‘ಫ್ಯಾನು ಬಿಚ್ಚಿ ಗರಿ ಸ್ವಚ್ಛಮಾಡಿ, ಪೇಸ್ಟ್ ಬದಲಿಸಿ’ ಎಂದು ಸ್ಪಷ್ಟವಾಗಿ ಹೇಳಿ. ‘ಸ್ಲೋ ಆಗಿದೆ’ ಎಂದಷ್ಟೇ ಹೇಳಿದರೆ ವಿಂಡೋಸ್ ಹೊಸದಾಗಿ ಹಾಕಿ ಕೊಡುತ್ತಾರೆ. ಧೂಳು ಇದ್ದಲ್ಲೇ ಇರುತ್ತದೆ. ಬಾಯಿಯಿಂದ ಊದುವ ಅಭ್ಯಾಸ ಬೇಡ, ಉಸಿರಿನ ತೇವ ಒಳ್ಳೆಯದಲ್ಲ.

ಬಿಸಿಯಿಂದ ಪ್ರೊಸೆಸರ್ ಸುಟ್ಟುಹೋಗುತ್ತದೆಯೇ ಎಂದು ತಂದೆತಾಯಂದಿರು ಕೇಳುವುದುಂಟು. ಅಷ್ಟು ಸುಲಭಕ್ಕಿಲ್ಲ. ಬ್ರೇಕು ಸಾಲದಿದ್ದರೆ ಅದು ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಉಳಿಸದೆ ಬಿಟ್ಟ ಪ್ರಾಜೆಕ್ಟ್ ವರದಿ ಹೋಗುವುದು ಆಗಲೇ. ಹೆಚ್ಚು ಕೆಡುವುದು ಪಕ್ಕದಲ್ಲಿರುವ ಬ್ಯಾಟರಿ. ನಿತ್ಯ ಬಿಸಿಯಲ್ಲಿ ಬೇಯುವ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಅಡಿಭಾಗ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ, ಆಟವೂ ಬೇಡ, ಪಾಠವೂ ಬೇಡ. ಚಾರ್ಜರ್ ಕಿತ್ತು, ಯಂತ್ರ ಆರಿಸಿ, ಬ್ಯಾಟರಿ ಬದಲಿಸಬೇಕು. ಅದನ್ನು ಚುಚ್ಚುವುದು, ಒತ್ತುವುದು ಅಪಾಯ.

ಇಪ್ಪತ್ತು ನಿಮಿಷದ ಪರೀಕ್ಷೆ

ಹೊಸ ಲ್ಯಾಪ್‌ಟಾಪಿನ ಮಾತು ಎತ್ತುವ ಮೊದಲು ಮಗನೋ ಮಗಳೋ ಒಂದು ಪ್ರಯೋಗ ಮಾಡಲಿ, ಲ್ಯಾಬ್ ರೆಕಾರ್ಡ್ ಬರೆದಂತೆ ಬರೆದಿಡಲಿ. ಆಟ ಶುರುವಾದ ಎರಡನೆಯ ನಿಮಿಷಕ್ಕೆ ಪ್ರೊಸೆಸರಿನ ಬಳಕೆ ಎಷ್ಟು, ವೇಗ ಎಷ್ಟು. ಇಪ್ಪತ್ತನೆಯ ನಿಮಿಷಕ್ಕೆ ಎಷ್ಟು. ಪ್ರೊಸೆಸರಿನ ಉಷ್ಣತೆಯನ್ನು ಟಾಸ್ಕ್ ಮ್ಯಾನೇಜರ್ ತೋರಿಸುವುದಿಲ್ಲ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಮೊದಲು 3.5 ಗಿಗಾಹರ್ಟ್ಸ್ ಇದ್ದುದು ಆಮೇಲೆ 1.5ಕ್ಕೆ ಇಳಿದು, ಉಷ್ಣತೆ 95ರ ಮೇಲಿದ್ದರೆ ಸಮಸ್ಯೆ ಶಾಖದ್ದು. ವೇಗ ಇಳಿಯದೆ, ಉಷ್ಣತೆಯೂ 80ರ ಆಸುಪಾಸಿನಲ್ಲಿದ್ದು, ಬಳಕೆ ಮಾತ್ರ ನೂರಾಗಿದ್ದರೆ ಪ್ರೊಸೆಸರ್ ನಿಜಕ್ಕೂ ಆ ಆಟಕ್ಕೆ ಸಾಲದು. ಆಗ ಮಗನ ಮಾತಿಗೆ ಬೆಲೆಯುಂಟು.

ಮೊದಲನೆಯದಾದರೆ, ಧೂಳು ತೆಗೆದ ಬಳಿಕ ಮಾಡಬೇಕಾದ ದೊಡ್ಡ ಕೆಲಸ ಚಿತ್ರಗಳ ಸಂಖ್ಯೆಗೆ ಮಿತಿ ಹಾಕುವುದು. ಸಾಮಾನ್ಯ ಪರದೆ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲುದು. ಮಿತಿ ಇಲ್ಲದಿದ್ದರೆ ಆಟ 150, 200 ಚಿತ್ರಗಳನ್ನು ತಯಾರಿಸುತ್ತಲೇ ಇರುತ್ತದೆ. ಹೆಚ್ಚಿನವು ವ್ಯರ್ಥ. ಇಲ್ಲೊಂದು ವಿಚಿತ್ರವಿದೆ. ಯಂತ್ರಕ್ಕೆ ಭಾರ ಕಡಿಮೆಯಾಗಲಿ ಎಂದು ಮಕ್ಕಳು ಗ್ರಾಫಿಕ್ಸ್ ಗುಣಮಟ್ಟವನ್ನು ತೀರ ಕೆಳಗಿಳಿಸುತ್ತಾರೆ. ಬಣ್ಣ ತುಂಬುವ ಕೆಲಸ ಬೇಗ ಮುಗಿಯುತ್ತದೆ, ‘ಇನ್ನೊಂದು ಚಿತ್ರ ಕೊಡು’ ಎಂದು ಗ್ರಾಫಿಕ್ಸ್ ಚಿಪ್ ಪ್ರೊಸೆಸರನ್ನು ಪೀಡಿಸುತ್ತದೆ, ಪ್ರೊಸೆಸರ್ ಬಳಕೆ ಇನ್ನೂ ಏರುತ್ತದೆ! ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಆಡುವವರಿಗೆ ಇದರ ಅನುಭವವಿದ್ದೀತು. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಬಿಡುಗಡೆಯಾದಾಗ ಯುದ್ಧವೇ ನಡೆಯದ ಮೆನು ಪರದೆಗಳಲ್ಲಿ ಹಲವರ ಯಂತ್ರಗಳು ಕಾದು ಕೆಂಡವಾದವು. ಮೆನುವಿನಲ್ಲಿ ಕೆಲಸ ಕಡಿಮೆ, ಹಾಗಾಗಿ ಚಿತ್ರಗಳು ಮಿತಿಮೀರಿ ತಯಾರಾಗುತ್ತಿದ್ದವು. ಆಟದಲ್ಲಿ 60, ಮೆನುವಿನಲ್ಲಿ 30 ಎಂದು ಮಿತಿ ಹಾಕಿಕೊಳ್ಳಿ ಎಂದು ತಯಾರಕರಾದ ಬ್ಲಿಜರ್ಡ್ ಕಂಪೆನಿಯೇ ತಿಳಿಸಬೇಕಾಯಿತು. ಬಹುತೇಕ ಎಲ್ಲ ಆಟಗಳ ಸೆಟ್ಟಿಂಗ್ಸ್‌ನಲ್ಲಿ ಈ ಮಿತಿ ‘ಮ್ಯಾಕ್ಸ್ ಎಫ್‌ಪಿಎಸ್’ ಅಥವಾ ‘ವಿ-ಸಿಂಕ್’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಇನ್ನೊಂದು ಉಪಾಯ ಟರ್ಬೋವನ್ನು ಆರಿಸುವುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬಲ್ಲಿ 100ರ ಬದಲು 99 ಎಂದು ಬರೆದರೆ ಸಾಮಾನ್ಯವಾಗಿ ಕಂಬಳದ ಓಟ ನಿಂತು ಉಳುವ ನಡಿಗೆ ಶುರುವಾಗುತ್ತದೆ. ಮೊದಲ ಹತ್ತು ನಿಮಿಷ ಆಟ ತುಸು ನಿಧಾನ ಅನ್ನಿಸಬಹುದು. ಆದರೆ ಮಧ್ಯೆ ಎಡವುವುದಿಲ್ಲ. ಮೂಲ ವೇಗವೇ ತೀರ ಕಡಿಮೆಯಿರುವ ಯಂತ್ರಗಳಿಗೆ ಇದು ಅತಿಯಾದೀತು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲೇ ಕಾಣುವುದಿಲ್ಲ. ಅಂಥವರು ತಯಾರಕರ ತಂತ್ರಾಂಶದಲ್ಲಿರುವ ಸದ್ದಿಲ್ಲದ ಅಥವಾ ಸಮತೋಲದ ವಿಧಾನವನ್ನು ಆರಿಸಿಕೊಳ್ಳಬೇಕು.

ಶಾಖವಲ್ಲದ ಕಾರಣಗಳೂ ಇವೆ. ಮೂಲ ಚಾರ್ಜರ್ ಕೆಟ್ಟಾಗ ಅಗ್ಗದ ಚಾರ್ಜರ್ ತರುತ್ತೇವಲ್ಲ, ಅದರ ವ್ಯಾಟ್ ಕಡಿಮೆಯಿದ್ದರೆ ಅಥವಾ ಲ್ಯಾಪ್‌ಟಾಪ್ ಅದನ್ನು ಗುರುತಿಸದಿದ್ದರೆ, ಕೆಲವು ಯಂತ್ರಗಳು ಒಂದು ಗಿಗಾಹರ್ಟ್ಸ್‌ಗಿಂತಲೂ ಕೆಳಗೆ ಇಳಿದು ಕೂರುತ್ತವೆ. ಯಂತ್ರ ತಣ್ಣಗಿದ್ದೂ ನಿಧಾನವಾದರೆ ಚಾರ್ಜರ್ ಮೇಲೆ ಅನುಮಾನಪಡಿ. ಹೊಸದಾಗಿ ವಿಂಡೋಸ್ ಹಾಕಿಸಿದ ಬಳಿಕ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದೆಯೇ ನೋಡಿ. ಇದ್ದರೆ ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲವೆಂದು ಅರ್ಥ, ಬಣ್ಣ ತುಂಬುವ ಕೆಲಸವೂ ಪ್ರೊಸೆಸರಿನ ತಲೆಗೇ ಬಿದ್ದಿದೆ. ಮೊಬೈಲ್ ಆಟಗಳನ್ನು ಎಮ್ಯುಲೇಟರ್ ಹಾಕಿ ಆಡುವವರು ಬಯೋಸ್‌ನಲ್ಲಿ ವರ್ಚುವಲೈಸೇಶನ್ ಚಾಲನೆಯಲ್ಲಿದೆಯೇ ಎಂದು ನೋಡಿಕೊಳ್ಳಲಿ. ಅದಿಲ್ಲದಿದ್ದರೆ ಪ್ರೊಸೆಸರ್ ಇಮ್ಮಡಿ ದುಡಿಯಬೇಕು. ವಾರಕ್ಕೊಮ್ಮೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಆಡುವ ಮನೆಗಳಲ್ಲಿ ಆ ಹೊತ್ತಿಗೇ ವಿಂಡೋಸ್ ಅಪ್‌ಡೇಟೂ ಆಂಟಿವೈರಸ್ ತಪಾಸಣೆಯೂ ಒಟ್ಟಿಗೆ ಎದ್ದು ಕೂರುತ್ತವೆ. ಅರ್ಧ ಗಂಟೆ ಅವುಗಳಿಗೆ ಬಿಟ್ಟುಕೊಟ್ಟು ಆಮೇಲೆ ಆಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಒಂದೇ ರ‍್ಯಾಮ್ ಪಟ್ಟಿಯಿದ್ದರೆ, ಇನ್ನೊಂದನ್ನು ಜೋಡಿಸಿದಾಗ ಆಟದಲ್ಲಿ ಕಣ್ಣಿಗೆ ಕಾಣುವಷ್ಟು ಸುಧಾರಣೆ ಆಗುತ್ತದೆ. ಜಾಗ ಖಾಲಿ ಇದೆಯೇ ಎಂದು ಮೊದಲು ಕೇಳಿ, ಕೆಲವು ಮಾದರಿಗಳಲ್ಲಿ ಇರುವುದಿಲ್ಲ.

ಪುಕ್ಕಟೆ ಆಟದ ಬೆಲೆ

ತಂದೆತಾಯಂದಿರು ನಿಜವಾಗಿ ಕಳವಳಪಡಬೇಕಾದ ಸಂದರ್ಭ ಬೇರೆ. ಆಟ ಮುಚ್ಚಿದ ಮೇಲೂ, ಏನೂ ತೆರೆದಿಲ್ಲದಿದ್ದರೂ, ಫ್ಯಾನು ನಿಲ್ಲದೆ ಓಡುತ್ತಿದ್ದರೆ, ಪ್ರೊಸೆಸರನ್ನು ಬೇರೆ ಯಾರೋ ದುಡಿಸಿಕೊಳ್ಳುತ್ತಿರಬಹುದು. ಮೂರು ನಾಲ್ಕು ಸಾವಿರ ರೂಪಾಯಿಯ ಆಟವನ್ನು ಪೆನ್‌ಡ್ರೈವ್‌ನಲ್ಲಿ ಗೆಳೆಯರಿಂದ ಪುಕ್ಕಟೆ ಹಾಕಿಸಿಕೊಳ್ಳುವ ಪದ್ಧತಿ ಹಾಸ್ಟೆಲುಗಳಲ್ಲಿ ಹಳೆಯದು. 2021ರ ಜೂನ್‌ನಲ್ಲಿ ಆಂಟಿವೈರಸ್ ತಯಾರಿಸುವ ಅವಾಸ್ಟ್ ಕಂಪೆನಿ ‘ಕ್ರ್ಯಾಕೊನೋಶ್’ ಎಂಬ ದುಷ್ಟ ತಂತ್ರಾಂಶವನ್ನು ಬಯಲಿಗೆಳೆಯಿತು. ಅದು ಬೀಗ ಮುರಿದ ಆಟಗಳೊಳಗೆ ಅಡಗಿ ಬರುತ್ತಿತ್ತು. ಬಂದ ಮೇಲೆ ವಿಂಡೋಸ್ ಅಪ್‌ಡೇಟನ್ನೂ ಆಂಟಿವೈರಸನ್ನೂ ನಿಷ್ಕ್ರಿಯಗೊಳಿಸಿ, ಮಾಲೀಕನಿಗೆ ತಿಳಿಯದಂತೆ ಮೊನೆರೋ ಎಂಬ ಡಿಜಿಟಲ್ ನಾಣ್ಯವನ್ನು ಉತ್ಪಾದಿಸಲು ಪ್ರೊಸೆಸರನ್ನು ಹೂಡುತ್ತಿತ್ತು. ಜಗತ್ತಿನಾದ್ಯಂತ 2,22,000ಕ್ಕೂ ಹೆಚ್ಚು ಕಂಪ್ಯೂಟರುಗಳು ಇದಕ್ಕೆ ತುತ್ತಾಗಿದ್ದವು, ಸೂತ್ರಧಾರರು ಗಳಿಸಿದ್ದು 20 ಲಕ್ಷ ಡಾಲರಿಗೂ ಮಿಕ್ಕಿ ಎಂದು ಅವಾಸ್ಟ್ ಅಂದಾಜು ಮಾಡಿತು. ಅತಿ ಹೆಚ್ಚು ಬಾಧಿತವಾದ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು. ಕರೆಂಟು ಬಿಲ್ಲು ನಮ್ಮದು, ಫ್ಯಾನು ಸವೆಯುವುದು ನಮ್ಮದು, ನಾಣ್ಯ ಮಾತ್ರ ಅವರದು!

ಇಂಥವುಗಳಲ್ಲಿ ಕೆಲವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ. ಅದನ್ನು ತೆರೆದಾಗ ಫ್ಯಾನು ತಣ್ಣಗಾಗಿ, ಮುಚ್ಚಿದಾಗ ಮತ್ತೆ ಗುಂಯ್ಗುಟ್ಟಿದರೆ ಅದೇ ಒಂದು ಸುಳಿವು. ವಿಂಡೋಸ್ ಸೆಕ್ಯೂರಿಟಿ ತಾನಾಗಿ ಆರಿಹೋಗಿದ್ದರೆ ಸುಳಿವು ಬಲವಾಯಿತು. ಆಗ ಬೇಕಾದ ಕಡತಗಳನ್ನು ಬೇರೆಡೆ ಉಳಿಸಿ, ವಿಂಡೋಸನ್ನು ಮೊದಲಿನಿಂದ ಹಾಕಿಸುವುದೇ ಸುರಕ್ಷಿತ. ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸಬೇಕು.

ಕೊಳ್ಳಲೇಬೇಕಾದರೆ

ಇಷ್ಟೆಲ್ಲ ನೋಡಿದ ಮೇಲೂ ಹೊಸತು ಬೇಕೆಂದಾದರೆ ‘ಐ5’ ಎಂಬ ಚೀಟಿಯನ್ನು ಮಾತ್ರ ನೋಡಿ ದುಡ್ಡು ಕೊಡಬೇಡಿ. ಆಗ ಹೇಳಿದ ಐ5-1235ಯು ಪ್ರೊಸೆಸರಿಗೆ ಹತ್ತು ಕೋರ್‌ಗಳು. ಅದೇ ಪೀಳಿಗೆಯ ಐ5-12450ಎಚ್ ಪ್ರೊಸೆಸರಿಗೆ ಎಂಟೇ. ಇಬ್ಬರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್. ಹತ್ತು ಕೋರಿನದೇ ಮೇಲು ಎಂದು ಯಾರಿಗಾದರೂ ತೋರೀತು. ಆದರೆ ಹತ್ತರಲ್ಲಿ ದೊಡ್ಡ ಕೋರ್‌ಗಳು ಎರಡು, ಎಂಟರಲ್ಲಿ ನಾಲ್ಕು. ಮೊದಲನೆಯದರ ಮೂಲ ಲೆಕ್ಕ 15 ವ್ಯಾಟ್, ಎರಡನೆಯದರದು 45. ಹೆಸರಿನ ಕೊನೆಯ ಅಕ್ಷರದಲ್ಲಿ ಗುಟ್ಟಿದೆ. ಯು ಎಂದರೆ ಹಗುರ ಯಂತ್ರ, ಬ್ಯಾಟರಿ ಹೆಚ್ಚು ಬಾಳುತ್ತದೆ, ಕಾಲೇಜಿಗೆ ಹೊತ್ತೊಯ್ಯಲು ಸುಖ. ಎಚ್ ಎಂದರೆ ದೊಡ್ಡ ಫ್ಯಾನು, ಹೆಚ್ಚು ತೂಕ, ಬೇಗ ಖಾಲಿಯಾಗುವ ಬ್ಯಾಟರಿ, ಆದರೆ ಗಂಟೆಗಟ್ಟಲೆ ಉಳಬಲ್ಲ ಶಕ್ತಿ. ಎಎಂಡಿಯ ರೈಜನ್‌ನಲ್ಲೂ ಈ ಅಕ್ಷರಗಳಿವೆ. ಆಟಕ್ಕಲ್ಲದೆ ಮೆಕ್ಯಾನಿಕಲ್, ಸಿವಿಲ್ ವಿಭಾಗದ ಭಾರೀ ವಿನ್ಯಾಸ ತಂತ್ರಾಂಶಗಳಿಗೂ ಎಚ್ ಉಪಯೋಗಕ್ಕೆ ಬರುತ್ತದೆ. ಬರೇ ಪ್ರೋಗ್ರಾಮಿಂಗ್ ಕಲಿಕೆಗೆ, ಬಿ.ಕಾಂ. ಓದಿಗೆ ಯು ಧಾರಾಳ ಸಾಕು. ಪೂರ್ತಿ ಹೆಸರು ಪೆಟ್ಟಿಗೆಯ ಬದಿಯ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಅಂಗಡಿಯಲ್ಲೇ ಅದನ್ನು ಕೊನೆಯ ಅಕ್ಷರದ ತನಕ ಓದಿ, ಆಮೇಲೆ ಬಿಲ್ಲು ಹಾಕಿಸಿ.